ಕೈ ಒಂದೇ, ಬೆರಳು ಬೇರೆ: ಬೇಸ್‌ಬಾಲ್ ಎಸೆಯೋದು ಹೀಗೆ

ಹುಬ್ಬಳ್ಳಿಯಲ್ಲಿ ಟೆನಿಸ್ ಬಾಲ್‌ನಿಂದ ಲೆಗ್ ಸ್ಪಿನ್ ಹಾಕುತ್ತಿದ್ದವನು ನಾನು. ಬೇಸ್‌ಬಾಲ್ ಕಲಿತದ್ದು ಪುಣೆಗೆ ಬಂದ ಮೇಲೆ, ಅದೂ ಚಾಕಣದ ಒಂದು ಫ್ಯಾಕ್ಟರಿಯ ಪಾರ್ಕಿಂಗ್‌ನಲ್ಲಿ. ನಾಗೋಯಾದಿಂದ ಬಂದಿದ್ದ ಜಪಾನಿ ಇಂಜಿನಿಯರ್ ಒಬ್ಬರು ಊಟದ ಡಬ್ಬಿ ಮುಚ್ಚಿದ ಕೂಡಲೇ ಬ್ಯಾಗಿನಿಂದ ಎರಡು ಗ್ಲೌಸ್ ತೆಗೆಯುತ್ತಿದ್ದರು. ಅವರಿಗೆ ನಮ್ಮ ಭಾಷೆ ಬಾರದು, ನನಗೆ ಅವರದು ಬಾರದು. ಹಾಗಾಗಿ ನನ್ನ ಬೆರಳು ಒಂದೊಂದಾಗಿ ಹಿಡಿದು ಬಾಲ್ ಮೇಲೆ ಇಟ್ಟೇ ಕಲಿಸಿದರು. ಈಗ ಭಾನುವಾರ ಬೆಳಿಗ್ಗೆ ತಳಜಾಯಿ ಗುಡ್ಡದ ಮೇಲೆ ಅಕ್ಕನ ಮಗನಿಗೆ ನಾನು ಅದನ್ನೇ ಮಾಡುತ್ತಿದ್ದೇನೆ. ಅವನಿಗೆ ಹನ್ನೆರಡು ವರ್ಷ, ಬಾಯಿ ಜಾಸ್ತಿ.

ಮೊದಲು ಬಾಲ್ ನೋಡಿ. ತೂಕ 142ರಿಂದ 149 ಗ್ರಾಂ. ಕ್ರಿಕೆಟ್ ಬಾಲ್‌ಗಿಂತ ಸ್ವಲ್ಪ ಹಗುರ, ಆದರೆ ಒಂದು ಕೂದಲೆಳೆ ದಪ್ಪ. ಕೆಂಪು ದಾರದಲ್ಲಿ 108 ಜೋಡಿ ಹೊಲಿಗೆ. ಕ್ರಿಕೆಟ್ ಬಾಲ್‌ನಲ್ಲಿ ಸೀಮ್ ನಡುಪಟ್ಟಿಯ ಹಾಗೆ ನೇರ ಸುತ್ತಿರುತ್ತದೆ. ಇಲ್ಲಿ ಅದು ಬಳುಕಿ ಬಳುಕಿ ಹೋಗುತ್ತದೆ, ಒಂದು ಕಡೆ ಕುದುರೆ ಲಾಳದ ಹಾಗೆ ಅಗಲ, ಇನ್ನೊಂದು ಕಡೆ ಎರಡು ಗೆರೆ ಹತ್ತಿರ ಹತ್ತಿರ. ಬಾಲ್ ಇಲ್ಲದವರಿಗೆ ಒಂದು ಉಪಾಯ: ಟೆನಿಸ್ ಬಾಲ್ ಮೇಲಿನ ಬಿಳಿ ಗೆರೆಯೂ ಇದೇ ಆಕಾರ. ಟಿವಿ ನೋಡುತ್ತಾ ಅದರ ಮೇಲೆಯೇ ಹಿಡಿತ ಕಲಿಯಬಹುದು. ನಾನು ಕಲಿತದ್ದೂ ಹಾಗೇ, ಕಂಪನಿ ಬಸ್ಸಿನಲ್ಲಿ ಕೂತು.

ಇನ್ನು ಕೈ. ಮೊದಲ ದಿನ ನಾನು ಮೊಣಕೈ ಮಡಿಸಿ ಎಸೆದಾಗ ಅಳಿಯ ಕೂಗಿದ, "ಮಾಮಾ, ಇದು ಬಟ್ಟಾ!" ಹೌದಪ್ಪಾ, ಇಲ್ಲಿ ಬಟ್ಟಾನೇ ಕಾನೂನು. ಕ್ರಿಕೆಟ್‌ನಲ್ಲಿ ಮೊಣಕೈ 15 ಡಿಗ್ರಿಗಿಂತ ಜಾಸ್ತಿ ನೆಟ್ಟಗಾದರೆ ನೋಬಾಲ್. ಇಲ್ಲಿ ನೆಟ್ಟನೆ ಕೈ ಬೀಸಿದರೆ ಭುಜ ಹೋಗುತ್ತದೆ. ಓಡಿ ಬರುವುದೂ ಇಲ್ಲ. ಒಂದು ಕಾಲು ನೆಲದ ಪಟ್ಟಿಗೆ ತಾಗಿರಬೇಕು. ನಮ್ಮಲ್ಲಿ ಅದು ಒಡೆದ ಫ್ಲೋರಿಂಗ್ ಟೈಲ್. ಮುಂದಿನ ಕಾಲು ಎತ್ತಿ, ಗುರಿಯ ಕಡೆ ಉದ್ದ ಹೆಜ್ಜೆ ಇಡಿ. ಮೊದಲು ಸೊಂಟ ತಿರುಗಬೇಕು, ಆಮೇಲೆ ಭುಜ, ಕೈ ಕಟ್ಟಕಡೆಗೆ. ಮೊಣಕೈ ಭುಜದ ಮಟ್ಟಕ್ಕೆ ಇರಲಿ. ಪೂರ್ತಿ ದೂರ 18.44 ಮೀಟರ್. ಅಷ್ಟು ಬೇಡ, 12 ಮೀಟರ್‌ನಿಂದ ಶುರು ಮಾಡಿ.

ಮೊದಲ ಪಾಠ ಫೋರ್ ಸೀಮ್ ಫಾಸ್ಟ್‌ಬಾಲ್. ಜಪಾನಿನಲ್ಲಿ ಫಾಸ್ಟ್‌ಬಾಲ್‌ಗೆ ‘ಸುತೊರೇಟೊ’ ಅಂತಾರೆ, ನಮ್ಮ ಸ್ಟ್ರೇಟ್. ಲಾಳದ ಅಗಲ ಭಾಗ ಹುಡುಕಿ. ತೋರುಬೆರಳು, ನಡುಬೆರಳು ಸೀಮ್‌ಗೆ ಅಡ್ಡಲಾಗಿ ಬರಲಿ, ಬೆರಳ ತುದಿ ದಾರದ ಮೇಲೆ ಕೂರಲಿ. ಎರಡರ ನಡುವೆ ಒಂದು ಬೆರಳಿಗಿಂತ ಕಡಿಮೆ ಸಂದು. ಹೆಬ್ಬೆರಳು ಕೆಳಗೆ, ನಡುವಿಗೆ. ಬಾಲ್ ಅಂಗೈಗೆ ತಾಗಬಾರದು, ಬೆಳಕು ತೂರುವಷ್ಟು ಜಾಗ ಇರಬೇಕು. ಗಟ್ಟಿ ಅಮುಕಬೇಡಿ, ಮೊಟ್ಟೆ ಹಿಡಿದ ಹಾಗೆ. ಬಿಡುವಾಗ ಕೊನೆಗೆ ತಾಗುವುದು ಎರಡು ಬೆರಳ ತುದಿ. ಅವು ಬಾಲ್‌ನ ಹಿಂಭಾಗವನ್ನು ಕೆಳಕ್ಕೆ ಕೆರೆಯುತ್ತವೆ, ಬಾಲ್ ಹಿಮ್ಮುಖವಾಗಿ ಸುತ್ತುತ್ತದೆ. ಆ ಸುತ್ತಿಗೆ ಗಾಳಿ ಬಾಲನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ. ಬಾಲ್ ಮೇಲೇರುವುದಿಲ್ಲ, ಆದರೆ ಬ್ಯಾಟರ್ ಅಂದುಕೊಂಡಷ್ಟು ಇಳಿಯುವುದೂ ಇಲ್ಲ. ಬ್ಯಾಟ್ ಕೆಳಗೆ ಹೋಗುತ್ತದೆ.

ಸುತ್ತು ಸರಿ ಇದೆಯಾ ಅಂತ ನೋಡಲು ಹತ್ತು ರೂಪಾಯಿಯ ಕಪ್ಪು ಇನ್ಸುಲೇಶನ್ ಟೇಪ್ ಸಾಕು. ಎರಡು ಬೆರಳ ಸಂದಿಯಲ್ಲಿ ಬರುವಂತೆ ಬಾಲ್ ಸುತ್ತ ಒಂದು ಸುತ್ತು ಅಂಟಿಸಿ. ಸರಿ ಬಿಟ್ಟರೆ ಗಾಳಿಯಲ್ಲಿ ನೆಟ್ಟಗೆ ಒಂದು ಕಪ್ಪು ಗೆರೆ ಕಾಣುತ್ತದೆ. ಬೆರಳು ಪಕ್ಕಕ್ಕೆ ಜಾರಿದರೆ ಗೆರೆ ಕುಡುಕನ ಹಾಗೆ ತೂರಾಡುತ್ತದೆ. ನನಗೆ ನೆಟ್ಟನೆ ಗೆರೆ ಕಾಣಲು ಒಂದು ತಿಂಗಳು ಬೇಕಾಯಿತು. ಲೆಗ್ ಸ್ಪಿನ್ ಮಣಿಕಟ್ಟು ಸುಮ್ನೆ ಇರಲಾರದು.

ಟೂ ಸೀಮ್ ಇದರ ತಮ್ಮ. ಸೀಮ್ ಹತ್ತಿರ ಬರುವ ಕಡೆ, ಗೆರೆಗಳ ಉದ್ದಕ್ಕೇ ಎರಡು ಬೆರಳು ಇಡಿ. ಉಳಿದದ್ದೆಲ್ಲ ಅದೇ. ಬಲಗೈಯವರು ಎಸೆದರೆ ಬಲಗೈ ಬ್ಯಾಟರ್ ಕಡೆಗೆ ಒಳಕ್ಕೆ ಬಂದು, ಸ್ವಲ್ಪ ಕುಸಿಯುತ್ತದೆ. ಇನ್‌ಸ್ವಿಂಗರ್ ಅಂದುಕೊಳ್ಳಿ.

ಎರಡನೆಯದಾಗಿ ಕಲಿಯಬೇಕಾದದ್ದು ಕರ್ವ್ ಅಲ್ಲ, ಚೇಂಜ್‌ಅಪ್. ಹುಡುಗರು ಇದಕ್ಕೆ ಮೂಗು ಮುರಿಯುತ್ತಾರೆ. ನನ್ನ ಮಟ್ಟಿಗೆ ಆಟದಲ್ಲಿ ಇದಕ್ಕಿಂತ ಚಂದದ ಮೋಸ ಇಲ್ಲ. ಊಟ ಸೂಪರ್ ಅಂತ ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ ತೋರಿಸ್ತೀವಲ್ಲ, ಹಾಗೆ ಮಾಡಿ. ಆ ಉಂಗುರ ಬಾಲ್‌ನ ಪಕ್ಕಕ್ಕೆ ಬರಲಿ. ನಡುಬೆರಳು, ಉಂಗುರಬೆರಳು ಮೇಲೆ. ಈ ಸಲ ಬಾಲ್ ಅಂಗೈ ಒಳಕ್ಕೆ ಕೂರಲಿ. ಬಲವಾದ ಬೆರಳುಗಳು ದೂರ ಸರಿದದ್ದರಿಂದ ವೇಗ ತಾನಾಗಿಯೇ ಇಳಿಯುತ್ತದೆ. ದೊಡ್ಡವರ ಆಟದಲ್ಲಿ ಫಾಸ್ಟ್‌ಬಾಲ್‌ಗಿಂತ ಸುಮಾರು 13ರಿಂದ 16 ಕಿಲೋಮೀಟರ್ ಕಡಿಮೆ. ಕೈ ಮಾತ್ರ ಅಷ್ಟೇ ಜೋರಾಗಿ ಬೀಸಬೇಕು. ಅಳಿಯ ಕೈಯನ್ನೇ ಮೆಲ್ಲಗೆ ಮಾಡುತ್ತಿದ್ದ. ಬ್ಯಾಟರ್‌ಗೆ ಕಾಗದ ಬರೆದು ತಿಳಿಸಿದ ಹಾಗಾಯ್ತು ಅಲ್ವಾ? ನಮ್ಮ ವೆಂಕಟೇಶ್ ಪ್ರಸಾದ್ ಅವರ ಸ್ಲೋ ಬಾಲ್‌ನ ಹಳೇ ವಿಡಿಯೋ ತೋರಿಸಿದೆ. ಕೈ ಅದೇ, ಬಾಲ್ ಮಾತ್ರ ತಡ. ಆಗ ಅರ್ಥವಾಯಿತು.

ಕರ್ವ್‌ಬಾಲ್‌ನಲ್ಲಿ ನಾನು ಪೆಟ್ಟು ತಿಂದೆ. ಬಾಲ್ ತಿರುಗಬೇಕು ತಾನೇ ಅಂತ ಲೆಗ್ ಬ್ರೇಕ್ ಹಾಗೆ ಮಣಿಕಟ್ಟು ತಿರುಚಿ, ಪೂರ್ತಿ ವೇಗದಲ್ಲಿ ನಲವತ್ತು ಸಲ ಎಸೆದೆ. ಮರುದಿನ ಮೊಣಕೈ ಒಳಬದಿ ಹಿಡಿದುಕೊಂಡಿತು. ಮೂರು ವಾರ ಕುಕ್ಕರ್ ಮುಚ್ಚಳ ತೆಗೆಯಲೂ ಆಗಲಿಲ್ಲ. 1974ರಲ್ಲಿ ಟಾಮಿ ಜಾನ್ ಎಂಬ ಪಿಚರ್‌ಗೆ (ಬೇಸ್‌ಬಾಲ್‌ನಲ್ಲಿ ಬಾಲ್ ಎಸೆಯುವವನಿಗೆ ಹಾಗಂತಾರೆ) ಅದೇ ಒಳಬದಿಯ ನಾರು ಹರಿದು, ಡಾಕ್ಟರ್ ಫ್ರಾಂಕ್ ಜೋಬ್ ಬೇರೆ ಕೈಯಿಂದ ತಂತು ತೆಗೆದು ಜೋಡಿಸಿದ್ದರು. ಆ ಆಪರೇಷನ್‌ಗೆ ಇವತ್ತಿಗೂ ಪಿಚರ್ ಹೆಸರೇ. ಅದನ್ನು ಓದಿದ ಮೇಲೆ ನನಗೆ ಬುದ್ಧಿ ಬಂತು.

ನೋವು ಹೋದ ಮೇಲೆ ಜಪಾನಿ ಸಾಹೇಬರು ಬಾಲ್ ಕೊಡಲಿಲ್ಲ. ಪಾರ್ಕಿಂಗ್ ಶೆಡ್ಡಿನ ಪೈಪಿಗೆ ಹಗ್ಗ ಹಾಕಿ, ಅದನ್ನು ಮುಂದಕ್ಕೆ, ಕೆಳಕ್ಕೆ ಎಳೆ ಅಂದರು, ಸನ್ನೆಯಲ್ಲಿ. ಎಳೆದ ಕೂಡಲೇ ಅಜ್ಜಿ ಮನೆಯ ಬಾವಿ ನೆನಪಾಯಿತು. ಗಡಗಡಿ ಮೇಲಿನ ಹಗ್ಗ ಸೇದುವಾಗ ಮಣಿಕಟ್ಟು ತಿರುಚುತ್ತೇವಾ? ಇಲ್ಲ. ಅಷ್ಟೇ ಕರ್ವ್. ನಡುಬೆರಳನ್ನು ಸೀಮ್ ಪಕ್ಕಕ್ಕೆ ಒತ್ತಿ ಇಡಿ, ತೋರುಬೆರಳು ಅದರ ಜೊತೆ ಸುಮ್ನೆ ಕೂರಲಿ, ಹೆಬ್ಬೆರಳು ಎದುರಿನ ಸೀಮ್ ಮೇಲೆ. ಕೈ ತಲೆಯ ಪಕ್ಕ ಬಂದಾಗ ಅಂಗೈ ಕಿವಿಯನ್ನು ನೋಡುತ್ತಿರಬೇಕು. ಅಲ್ಲಿಂದ ಹಗ್ಗ ಸೇದಿ. ನಡುಬೆರಳು ಬಾಲ್‌ನ ಮುಂಭಾಗದ ಮೇಲಿಂದ ಕೆಳಕ್ಕೆ ಉರುಳುತ್ತದೆ, ಹೆಬ್ಬೆರಳು ಮೇಲೇಳುತ್ತದೆ. ಬಾಲ್ ಮುಮ್ಮುಖವಾಗಿ ಸುತ್ತಿ, ಗಾಳಿಯಲ್ಲೇ ಮುಳುಗುತ್ತದೆ. ಲೆಗ್ ಸ್ಪಿನ್ನರ್‌ನ ಟಾಪ್ ಸ್ಪಿನ್ನರ್ ನೆಲ ಮುಟ್ಟುವ ಮೊದಲು ಮುಳುಗುತ್ತದಲ್ಲ, ಅದೇ. ಕೀಪರ್‌ನ ತಲೆಗೆ ಗುರಿ ಇಟ್ಟರೆ ಹೊಟ್ಟೆಗೆ ಹೋಗುತ್ತದೆ.

ಸ್ಲೈಡರ್ ಬಗ್ಗೆ ಜಾಸ್ತಿ ಹೇಳಲ್ಲ. ಟೂ ಸೀಮ್ ಹಿಡಿತವನ್ನು ಸ್ವಲ್ಪ ಹೊರಕ್ಕೆ ಸರಿಸಿ, ಫಾಸ್ಟ್‌ಬಾಲ್ ಹಾಗೇ ಎಸೆಯಬೇಕು. ಮೊಣಕೈಗೆ ಅದು ಕಷ್ಟ, ಮಕ್ಕಳಿಗೆ ಕಲಿಸುವುದಿಲ್ಲ. ನಕಲ್‌ಬಾಲ್ ಜಹೀರ್ ಖಾನ್ ಅವರಿಂದ ಎಲ್ಲರಿಗೂ ಗೊತ್ತು. ಉಗುರ ತುದಿಗಳನ್ನು ಬಾಲ್‌ಗೆ ಊರಿ, ಸುತ್ತೇ ಬರದಂತೆ ತಳ್ಳಬೇಕು. ಹೇಳೋದು ಸುಲಭ. ಅಮೆರಿಕದ ಆರ್.ಎ. ಡಿಕಿ ಅದನ್ನೇ ನಂಬಿ 2012ರಲ್ಲಿ, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು. ನನ್ನದು ಹತ್ತರಲ್ಲಿ ಒಂದು ನೆಟ್ಟಗೆ ಹೋಗುತ್ತದೆ, ಉಳಿದ ಒಂಬತ್ತನ್ನು ಅಳಿಯ ಪೊದೆಯಲ್ಲಿ ಹುಡುಕುತ್ತಾನೆ.

ಹೊಸ ಬಾಲ್ ಜಾರುತ್ತದೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಪ್ರತಿ ಬಾಲ್‌ಗೂ ನ್ಯೂ ಜೆರ್ಸಿ ಕಡೆಯ ನದಿ ಕೆಸರು ಉಜ್ಜುತ್ತಾರೆ. ನಾವು ಗುಡ್ಡದ ಮಣ್ಣಿಗೆ ಎರಡು ಹನಿ ನೀರು ಹಾಕಿ ಉಜ್ಜುತ್ತೇವೆ. ಎಷ್ಟು ಸಲ ಎಸೆದಿರಿ ಅಂತ ಎಣಿಕೆ ತಪ್ಪದೆ ಇಡಿ. ಅಮೆರಿಕದ ನಿಯಮದಲ್ಲಿ ಹನ್ನೆರಡು ವರ್ಷದವರಿಗೆ ದಿನಕ್ಕೆ 85 ಎಸೆತದ ಮಿತಿ. ನಾನು ಮೂವತ್ತಕ್ಕೇ ನಿಲ್ಲಿಸುತ್ತೇನೆ. ಜೂನ್‌ನಲ್ಲಿ ಗುಡ್ಡ ಕೆಸರಾದ ಮೇಲೆ ಟೆರೇಸ್ ಶೆಡ್ಡಿನಲ್ಲಿ ಹಳೇ ಬೆಡ್‌ಶೀಟ್ ಕಟ್ಟಿ, ಅದಕ್ಕೆ ಟೆನಿಸ್ ಬಾಲ್ ಎಸೆಯುತ್ತೇವೆ. ಬೆಡ್‌ಶೀಟ್ ಅಕ್ಕನದು, ಅವಳಿಗೆ ಇನ್ನೂ ಗೊತ್ತಿಲ್ಲ.