ಟೆಂಪರೇಚರ್ ಸೆನ್ಸರ್‌ಗೆ ಬಿಳಿ ಟೇಪ್ ಬೇಡ
ಲಾರಿಗೆ ಇಂಜಿನ್ ಬಿಸಿ ತೋರಿಸೋ ಟೆಂಪರೇಚರ್ ಮೀಟರ್ ಹೊರಗಿಂದ ತಂದು ಹಾಕಿಸ್ತಿದ್ದೀರಾ? ಸೆನ್ಸರ್ ಥ್ರೆಡ್ಡಿಗೆ ಬಿಳಿ ಟೆಫ್ಲಾನ್ ಟೇಪ್ ಸುತ್ತೋಕೆ ಮೆಕ್ಯಾನಿಕ್‌ಗೆ ಬಿಡಬೇಡಿ. ಒಂದೇ ವಯರಿನ ಸೆನ್ಸರ್‌ಗೆ ಅರ್ಥ್ (ಕರೆಂಟ್ ವಾಪಸ್ ಹೋಗೋ ದಾರಿ) ಸಿಗೋದೇ ಆ ಥ್ರೆಡ್ಡಿಂದ. ನಡುವೆ ಟೇಪ್ ಬಂದ್ರೆ ರೆಸಿಸ್ಟೆನ್ಸ್ ಏರಿ ಮುಳ್ಳು ನಿಜಕ್ಕಿಂತ ಕಮ್ಮಿ ತೋರಿಸುತ್ತೆ. ಮುಂಬೈ-ಪುಣೆ ದಾರಿಯ ಬೋರ್ ಘಾಟ್ ಹತ್ತುವಾಗ ಇಂಜಿನ್ ಕುದೀತಿರುತ್ತೆ, ಮುಳ್ಳು ಮಾತ್ರ ಆರಾಮಾಗಿ ಮಲಗಿರುತ್ತೆ! ನೀರು ಜಿನುಗೋ ಭಯ ಇದ್ರೆ ಥ್ರೆಡ್ ಸೀಲೆಂಟ್ (ಲೀಕ್ ತಡೆಯೋ ಪೇಸ್ಟ್) ತೆಳ್ಳಗೆ ಹಚ್ಚಿ, ತುದಿಯ ಎರಡು ಸುತ್ತು ಖಾಲಿ ಬಿಡಿ. ಎರಡು ವಯರಿನ ಸೆನ್ಸರ್‌ಗೆ ಈ ತಲೆನೋವಿಲ್ಲ. ಆದ್ರೆ ರೇಡಿಯೇಟರ್ ನೀರು ಇಳಿದು ಸೆನ್ಸರ್ ಒಣಗಿದ್ರೆ ಅರ್ಥ್ ಎಷ್ಟು ಚೆನ್ನಾಗಿದ್ರೂ ಮೀಟರ್ ನಂಬೋಹಾಗಿಲ್ಲ. ಹಾಂ, ನವಿ ಮುಂಬೈನ ಕಳಂಬೋಲಿಯಲ್ಲಿ ಮೀಟರ್ ಕೊಳ್ಳುವಾಗ ಡಬ್ಬಿ ಮೇಲೆ 24 ವೋಲ್ಟ್ ಅಂತಿದೆಯಾ ನೋಡ್ಕೊಳ್ಳಿ. ಕಾರಿನ 12 ವೋಲ್ಟ್ ಮೀಟರ್ ದೊಡ್ಡ ಲಾರಿಗೆ ಹಾಕಿದ್ರೆ ಸುಟ್ಟೋಗುತ್ತೆ.