ಕಥೆಯಲ್ಲಿ ನನ್ನ ಪಾಲು

ಮಗಳು ನಮ್ಮ ಮನೆಗೆ ಬಂದಾಗ ಅವಳಿಗೆ ಆರು ವರ್ಷ. ಆಗ ದತ್ತಿನ ಮಾತೇ ಇರಲಿಲ್ಲ. ಫಾಸ್ಟರ್ ಕೇರ್, ಅಂದರೆ ಸ್ವಂತ ಮನೆಯಲ್ಲಿ ಇರಲಾಗದ ಮಗುವನ್ನು ಕೆಲವು ತಿಂಗಳ ಮಟ್ಟಿಗೆ ನಮ್ಮ ಮನೆಯಲ್ಲಿ ನೋಡಿಕೊಳ್ಳಿ ಅಂದಿದ್ದರು. ದತ್ತು ಆದೇಶ ಕೈಗೆ ಬರುವಷ್ಟರಲ್ಲಿ ಒಂಬತ್ತು ತುಂಬಿತ್ತು. ಆ ಮೂರು ವರ್ಷದ ಕಥೆಯನ್ನು ನಾನು ಮೊದಲ ಸಲ ಹೇಳಿದಾಗ ದೊಡ್ಡ ತಪ್ಪು ಮಾಡಿದೆ.

ಪರಿಚಯದವರು ನಾಲ್ಕೈದು ಜನ ಕೂತಿದ್ದೆವು. ಯಾರೋ ಅಕ್ಕರೆಯಿಂದ ಕೇಳಿದರು, ನಾನು ಎಲ್ಲ ಹೇಳಿಬಿಟ್ಟೆ. ಹೆತ್ತಮ್ಮನ ಹತ್ತಿರದಿಂದ ಅವಳನ್ನು ಯಾಕೆ ಕರೆತಂದರು, ಆ ಮನೆಯಲ್ಲಿ ಏನೇನಾಗಿತ್ತು, ಎಲ್ಲವನ್ನೂ. ಕೇಳಿದವರು ಕಣ್ಣೊರೆಸಿಕೊಂಡರು. ನನಗೂ ಮನಸ್ಸು ಹಗುರಾಯಿತು. ತಿಂಗಳೊಳಗೆ ಒಂದು ಸಂಜೆ ಮಗಳು ಶಾಲೆಯಿಂದ ಬಂದು, ಶೂ ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತು ಕೇಳಿದಳು: "ಅಮ್ಮಾ, ನಾನು ಯಾರಿಗೂ ಹೇಳಿಲ್ಲ. ಶಾಲೆಯಲ್ಲಿ ಆ ಹುಡುಗಿಗೆ ಹೇಗೆ ಗೊತ್ತಾಯ್ತು?"

1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಗುವಿಗೂ ಖಾಸಗಿ ಬದುಕಿನ ಹಕ್ಕು ಇದೆ ಅನ್ನುತ್ತದೆ. ಫಾಸ್ಟರ್ ಕೇರ್‌ನ ತರಬೇತಿಯಲ್ಲಿ ಓದಿಸಿದ್ದರು. ಅಧಿಕಾರಿಗಳಿಗೆ, ಪತ್ರಿಕೆಯವರಿಗೆ ಹೇಳಿದ ಮಾತು ಅಂದುಕೊಂಡು ತಲೆಯಾಡಿಸಿದ್ದೆ. ಅಮ್ಮನಿಗೂ ಹೇಳಿದ್ದು ಅಂತ ಹೊಳೆದಿರಲಿಲ್ಲ. ಅವತ್ತು ಅವಳ ಮುಂದೆ ಕೂತು, ಹೇಳಿದ್ದು ನಾನೇ ಅಂತ ಒಪ್ಪಿಕೊಂಡೆ. ಎರಡು ದಿನ ಅವಳು ಮಾತಾಡಲಿಲ್ಲ.

ಆಮೇಲೆ ಎರಡು ವರ್ಷ ನಾನು ಬಾಯಿ ಬಿಡಲಿಲ್ಲ. ಹೊಸದಾಗಿ ಫಾಸ್ಟರ್ ಕೇರ್‌ಗೆ ಸೇರುವವರ ಮುಂದೆ ಮಾತಾಡಿ ಅಂತ ಕರೆ ಬಂದಾಗ ಮತ್ತೆ ಯೋಚಿಸಿದೆ. ಮೊದಲು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದೆ, ಹನ್ನೊಂದು ಪುಟ. ಮತ್ತೆ ಒಂದೊಂದೇ ಸಾಲು ಓದುತ್ತಾ ಕೇಳಿಕೊಂಡೆ, ಇದು ನಡೆದದ್ದು ಯಾರಿಗೆ? ಅವಳಿಗೆ ಅಂದರೆ ಹೊಡೆದುಹಾಕಿದೆ. ಹೆತ್ತಮ್ಮನಿಗೆ ಅಂದರೂ ಹೊಡೆದುಹಾಕಿದೆ. ಉಳಿದದ್ದು ಎರಡೂವರೆ ಪುಟ. ಅದರಲ್ಲಿ ಇದ್ದದ್ದು ಪೂರ್ತಿ ನಾನು ಯಾರಿಗೂ ಹೇಳದೇ ಇದ್ದ ವಿಷಯವೇ.

ಫಾಸ್ಟರ್ ಕೇರ್‌ನ ಮೊದಲ ಗುರಿ ಮಗು ತನ್ನ ಮನೆಗೆ ವಾಪಸ್ ಹೋಗುವುದು. ಅದಕ್ಕೆ ಒಪ್ಪಿಯೇ ಸಹಿ ಹಾಕಿದ್ದೆ. ಆದರೆ ಭೇಟಿಯ ದಿನ ಹೆತ್ತಮ್ಮ ಬರಲಿಲ್ಲ ಅಂದರೆ, ಒಂದು ಕಡೆ ಮಗುವನ್ನು ಅಪ್ಪಿಕೊಂಡು ಸಮಾಧಾನ ಮಾಡುತ್ತಿದ್ದೆ, ಇನ್ನೊಂದು ಕಡೆ ಒಳಗೊಳಗೇ ಸದ್ಯ ಅನ್ನಿಸುತ್ತಿತ್ತು. ಇನ್ನೊಬ್ಬ ತಾಯಿ ಸೋಲಲಿ ಅಂತ ಕಾದದ್ದು ಸುಳ್ಳಲ್ಲ. ದತ್ತು ಆದೇಶ ಬಂದ ದಿನ ಎಲ್ಲರೂ ಸಿಹಿ ಹಂಚಿಕೊಂಡರು. ಆ ದಿನವೇ ಒಬ್ಬಳು ಹೆಣ್ಣುಮಗಳು ಕಾಗದದ ಮೇಲೆ ತಾಯಿಯಾಗಿ ಉಳಿಯಲಿಲ್ಲ. ರಾತ್ರಿ ನನಗೆ ನಿದ್ದೆ ಬರಲಿಲ್ಲ. "ಪುಣ್ಯದ ಕೆಲಸ ಮಾಡಿದ್ದೀರಿ" ಅನ್ನುವವರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದೇ. ಅವತ್ತು ತರಬೇತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಅವರ ಮನೆಯಲ್ಲೂ ಆಗ ಒಂದು ಮಗು ಇತ್ತಂತೆ.

ಮಗಳ ಕಥೆ ಅವಳಿಂದ ಮುಚ್ಚಿಟ್ಟದ್ದೇನಿಲ್ಲ. ಅವಳಿಗಾಗಿ ಒಂದು ಪುಸ್ತಕ ಮಾಡಿದ್ದೇವೆ. ಸಮಾಜ ಕಾರ್ಯಕರ್ತೆಯರು ಲೈಫ್ ಬುಕ್ ಅನ್ನುತ್ತಾರೆ. ಇದ್ದ ಮನೆಗಳು, ಸಿಕ್ಕ ಫೋಟೊಗಳು, ಹೆತ್ತಮ್ಮನ ಹೆಸರು, ಎಲ್ಲ ಇದೆ. ಅದು ಅವಳ ಬೀರುವಿನಲ್ಲಿ ಇರುತ್ತದೆ. ಯಾರಾದರೂ ಕೆದಕಿದರೆ "ಅದು ಅವಳ ಕಥೆ, ಬೇಕಾದರೆ ಅವಳೇ ಹೇಳ್ತಾಳೆ" ಅನ್ನುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ, ಆಗಲಿ.

ಈಗ ಅವಳಿಗೆ ಹನ್ನೆರಡು. ಇದನ್ನು ಬರೆದ ಮೇಲೆ ಓದಿ ಹೇಳಿದೆ. ಶಾಲೆಯಿಂದ ಬಂದ ಆ ಸಂಜೆಯದು ಇರಲಿ ಅಂದಳು. ಒಂದು ಪ್ಯಾರಾ ತೆಗೆಸಿದಳು, ಒಂದು ವಿಷಯ ಅವಳೇ ಸೇರಿಸಲು ಹೇಳಿದಳು. ಬಂದ ಹೊಸದರಲ್ಲಿ ಅವಳು ಬಟ್ಟೆ ಬೀರುವಿನಲ್ಲಿ ಇಡುತ್ತಿರಲಿಲ್ಲ. ಒಗೆದು ಮಡಚಿ ಕೊಟ್ಟದ್ದನ್ನು ಬ್ಯಾಗಿಗೆ ತುಂಬಿ, ಜಿಪ್ ಎಳೆದು, ಬಾಗಿಲ ಪಕ್ಕ ಇಡುತ್ತಿದ್ದಳು. ಎಂಟು ತಿಂಗಳಾದ ಮೇಲೆ ಒಂದು ಬೆಳಗ್ಗೆ ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ಜೊತೆ ಸಾಕ್ಸ್ ಇತ್ತು. ನಾನು ಏನೂ ಕೇಳದೆ ಖಾನೆ ಮುಚ್ಚಿದೆ.

"ಇದು ಹೇಳು," ಅಂದಳು. "ಬ್ಯಾಗಿನ ಬಣ್ಣ ಮಾತ್ರ ಹೇಳಬೇಡ."