ಕಾರವಾರದ ಗುಜರಿಯಲ್ಲಿ ಸಿಕ್ಕ ಬಿಬಿಸಿ ಮೈಕ್ರೋ

ಕಳೆದ ಮಳೆಗಾಲದಲ್ಲಿ ಕಾರವಾರದ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಯುಪಿಎಸ್ಸಿನ ಟ್ರಾನ್ಸ್‌ಫಾರ್ಮರ್ ಹುಡುಕುತ್ತಿದ್ದಾಗ, ತುಕ್ಕು ಹಿಡಿದ ಫ್ಯಾನುಗಳ ರಾಶಿಯ ಕೆಳಗೆ ಅಗಲವಾದ, ಹಳದಿಗಟ್ಟಿದ ಪ್ಲಾಸ್ಟಿಕ್ ಪೆಟ್ಟಿಗೆಯೊಂದು ಕಣ್ಣಿಗೆ ಬಿತ್ತು. ಮೇಲ್ಸಾಲಿನ ಕೆಂಪು ಫಂಕ್ಷನ್ ಕೀಗಳನ್ನು ಕಂಡೊಡನೆ ಅದು ಬಿಬಿಸಿ ಮೈಕ್ರೋ, ಅಂದರೆ ಕೀಬೋರ್ಡಿನ ಪೆಟ್ಟಿಗೆಯಲ್ಲೇ ಇಡೀ ಕಂಪ್ಯೂಟರ್ ಅಡಗಿರುವ ಹಳೆಯ ಬ್ರಿಟಿಷ್ ಯಂತ್ರ ಎಂದು ಗೊತ್ತಾಯಿತು. “ಅದು ಬರೀ ಕೀಬೋರ್ಡು ಸರ್, ಅದರ ಟೀವಿ ಬಂದಿಲ್ಲ” ಎನ್ನುತ್ತ ಅಂಗಡಿಯವರು ತಕ್ಕಡಿಗೆ ಹಾಕಿ 150 ರೂಪಾಯಿಗೆ ಕೊಟ್ಟರು. ನಮ್ಮ ದೇಶದ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 1984-85ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಕ್ಲಾಸ್’ ಯೋಜನೆಯಲ್ಲಿ ಬಳಕೆಯಾದದ್ದು ಇದೇ ಯಂತ್ರ. ಇದೂ ಯಾವುದೋ ಶಾಲೆಯ ಕೋಣೆಯಿಂದಲೇ ಬಂದಿರಬೇಕು.

ಸಮುದ್ರದ ಗಾಳಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಯಂತ್ರಕ್ಕೆ ನೇರವಾಗಿ ಕರೆಂಟ್ ಕೊಡಬಾರದು ಎಂಬುದನ್ನು ಹಿಂದೆ ಒಂದು ಒಳ್ಳೆಯ ರೇಡಿಯೊವನ್ನು ಸುಟ್ಟುಕೊಂಡು ಕಲಿತಿದ್ದೇನೆ. ಆದ್ದರಿಂದ ಬೋರ್ಡನ್ನೂ ಪವರ್ ಸಪ್ಲೈಯನ್ನೂ ಬಿಚ್ಚಿ, 40 ವ್ಯಾಟ್ ಬಲ್ಬು ಉರಿಯುವ ಮರದ ಪೆಟ್ಟಿಗೆಯಲ್ಲಿ ಎರಡು ದಿನ ಬೆಚ್ಚಗೆ ಇಟ್ಟೆ. ಆಗಸ್ಟ್ ತಿಂಗಳಲ್ಲಿ ಇಲ್ಲಿ ಬಿಸಿಲನ್ನು ನಂಬಿ ಏನನ್ನೂ ಒಣಗಿಸಲಾಗದು.

ಪವರ್ ಸಪ್ಲೈ ಎಸ್‌ಎಂಪಿಎಸ್ ಮಾದರಿಯದು, ಅಂದರೆ ಕರೆಂಟನ್ನು ಅತಿ ವೇಗವಾಗಿ ಆನ್-ಆಫ್ ಮಾಡುತ್ತ ವೋಲ್ಟೇಜ್ ಇಳಿಸುವ ಬಗೆ. 230 ವೋಲ್ಟ್ ಎಸಿ ಡಯೋಡುಗಳನ್ನು ದಾಟಿದ ಮೇಲೆ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ತುಂಬಿಕೊಳ್ಳುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಹಾಗಾಗಿ ಮುಚ್ಚಳ ತೆಗೆದಾಗಲೆಲ್ಲ ಕೈ ಹಾಕುವ ಮೊದಲು ಮೀಟರ್ ಹಿಡಿದು ನೋಡುತ್ತೇನೆ. ನಾನು ಹುಡುಕುತ್ತಿದ್ದದ್ದು ಲೈನ್ ಮತ್ತು ನ್ಯೂಟ್ರಲ್ ನಡುವೆ ಕೂರುವ ಎರಡು ಫಿಲ್ಟರ್ ಕೆಪಾಸಿಟರುಗಳನ್ನು. ಲೋಹ ಲೇಪಿಸಿದ ಕಾಗದವನ್ನು ಸುತ್ತಿ, ಜೇನಿನ ಬಣ್ಣದ ಪಾರದರ್ಶಕ ರಾಳದಲ್ಲಿ ಅದ್ದಿ ಮಾಡಿದ ಬಗೆ ಅವು. ಟಾರ್ಚ್ ಹಿಡಿದಾಗ ರಾಳದ ಮೈತುಂಬ ಕೂದಲೆಳೆಯಂಥ ಬಿರುಕುಗಳು ಮಿನುಗಿದವು. ಒಂದು ಬಿರುಕು ಕಾಲಿನ ಬುಡದವರೆಗೂ ಇಳಿದಿತ್ತು. ಈ ಬಿರುಕುಗಳಿಂದ ಒಳಗಿಳಿದ ತೇವವನ್ನು ಕಾಗದ ಹೀರಿಕೊಂಡ ಮೇಲೆ ಸ್ವಿಚ್ ಹಾಕಿದರೆ, ಕೆಪಾಸಿಟರ್ ಕಾದು ದಟ್ಟವಾದ ಹೊಗೆ ಕಾರುತ್ತ ಒಡೆಯುತ್ತದೆ. ಎರಡನ್ನೂ ಕಿತ್ತು, ಅದೇ ಧಾರಕತೆಯ, ಅಂದರೆ 0.1 ಮತ್ತು 0.01 ಮೈಕ್ರೋಫ್ಯಾರಡಿನ, ಎಕ್ಸ್2 ದರ್ಜೆಯ (ಮೇನ್ಸ್ ಕರೆಂಟಿಗೆ ನೇರವಾಗಿ ಜೋಡಿಸಲೆಂದೇ ಇರುವ ಸುರಕ್ಷತಾ ದರ್ಜೆ) ಪಾಲಿಪ್ರೊಪಿಲೀನ್ ಕೆಪಾಸಿಟರುಗಳನ್ನು ಬೆಸೆದೆ. ಎಕ್ಸ್2 ಎಂಬ ಗುರುತಿಲ್ಲದ ಸಾಮಾನ್ಯ ಕೆಪಾಸಿಟರನ್ನು ಈ ಜಾಗಕ್ಕೆ ದಯವಿಟ್ಟು ಯಾರೂ ಹಾಕಬೇಡಿ.

ಬಳಿಕ 5 ವೋಲ್ಟಿನ ತಂತಿಗಳಿಗೆ ಬೈಕಿನ ಇಂಡಿಕೇಟರ್ ಬಲ್ಬೊಂದನ್ನು ಲೋಡ್ ಆಗಿ ಕಟ್ಟಿ, 100 ವ್ಯಾಟಿನ ಸೀರೀಸ್ ಬಲ್ಬಿನ ಮೂಲಕ ಕರೆಂಟ್ ಕೊಟ್ಟೆ. ಸೀರೀಸ್ ಬಲ್ಬು ಒಮ್ಮೆ ಮಿನುಗಿ ಮಂಕಾಯಿತು, ಎಂದರೆ ಶಾರ್ಟ್ ಇಲ್ಲ, ಮೀಟರ್ 5.02 ತೋರಿಸಿತು.

ಬೋರ್ಡಿಗೆ ಜೋಡಿಸಿ ಸ್ವಿಚ್ ಒತ್ತಿದಾಗ ಸ್ಪೀಕರಿನಿಂದ ‘ಬೂ’ ಎಂಬ ತಗ್ಗಿನ ಸ್ವರ ಹೊರಟು ನಿಲ್ಲದೆ ಮುಂದುವರಿಯಿತು. ಈ ಯಂತ್ರವನ್ನು ಬಲ್ಲವರಿಗೆ ಇದು ಸ್ಪಷ್ಟವಾದ ಸೂಚನೆ. ವಿದ್ಯುತ್ ಸಿಕ್ಕೊಡನೆ ಧ್ವನಿಯ ಚಿಪ್ಪು ತಾನಾಗಿಯೇ ಕೂಗಲಾರಂಭಿಸುತ್ತದೆ. ಪ್ರೊಸೆಸರ್ ರೋಮ್‌ನಲ್ಲಿರುವ, ಅಂದರೆ ಕರೆಂಟ್ ಹೋದರೂ ಅಳಿಯದ ಮೆಮೊರಿ ಚಿಪ್ಪಿನಲ್ಲಿರುವ, ಆದೇಶಗಳನ್ನು ಓದಿ ಕೆಲಸ ಆರಂಭಿಸಿದ ಮೇಲೆ ಆ ಕೂಗನ್ನು ನಿಲ್ಲಿಸಿ, ಏರುದನಿಯ ಚಿಕ್ಕ ‘ಬೀಪ್’ ಒಂದನ್ನು ಹೊರಡಿಸುತ್ತದೆ. ಕೂಗು ನಿಲ್ಲಲಿಲ್ಲ ಎಂದರೆ ಪ್ರೊಸೆಸರ್ ಅಲ್ಲಿಯವರೆಗೆ ತಲುಪಿಲ್ಲ ಎಂದರ್ಥ.

ಚಿಪ್ಪೇ ಸತ್ತಿದೆ ಎಂದು ಇಲ್ಲಿ ತೀರ್ಮಾನಿಸಿಬಿಡುವವರು ಬಹಳ. ನಾನು ಮೊದಲು ಸಾಕೆಟ್ಟುಗಳನ್ನು ನೋಡಿದೆ. ಬೋರ್ಡಿನ ಮುಂಭಾಗದಲ್ಲಿ ಸಾಲಾಗಿರುವ ಐದು ರೋಮ್ ಸಾಕೆಟ್ಟುಗಳ ಪೈಕಿ ಮೊದಲನೆಯದರಲ್ಲಿ ಆಪರೇಟಿಂಗ್ ಸಿಸ್ಟಮ್ ಇರುತ್ತದೆ. ಸಣ್ಣ ಸ್ಕ್ರೂಡ್ರೈವರಿನಿಂದ ಎರಡೂ ತುದಿಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಎಬ್ಬಿಸಿ ಅದನ್ನು ಹೊರತೆಗೆದಾಗ, 28 ಕಾಲುಗಳಲ್ಲಿ ಹೆಚ್ಚಿನವು ಕಾಡಿಗೆ ಬಳಿದಂತೆ ಕಪ್ಪಾಗಿದ್ದವು, ಒಂದೆರಡರ ಬುಡದಲ್ಲಿ ಹಸಿರು ಕಿಲುಬೂ ಕಟ್ಟಿತ್ತು. ಶಾಯಿ ಅಳಿಸುವ ಗಡಸು ರಬ್ಬರಿನಿಂದ ಒಂದೊಂದೇ ಕಾಲನ್ನು ಉಜ್ಜಿ, ಸಾಕೆಟ್ಟಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ಬ್ರಶ್ಶಿನಿಂದ ತೊಳೆದು, ಒಣಗಿಸಿ ಮತ್ತೆ ಕೂರಿಸಿದೆ. ಈ ಸಲ ‘ಬೂ’ ಎಂದ ಮರುಕ್ಷಣವೇ ‘ಬೀಪ್’ ಕೇಳಿಸಿತು. ಟೀವಿಯ ಪರದೆಯ ಮೇಲೆ ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂಬ ಸಾಲು ಮೂಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಈ ಬೋರ್ಡಿನ ವಿನ್ಯಾಸ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. 1981ರ ಈ ಯಂತ್ರದಲ್ಲಿ ಪ್ರೊಸೆಸರ್ 2 ಮೆಗಾಹರ್ಟ್ಸಿನ 6502. ಆದರೆ 32 ಕಿಲೋಬೈಟಿನ ಮೆಮೊರಿ 4 ಮೆಗಾಹರ್ಟ್ಸಿನಲ್ಲಿ ಓಡುತ್ತದೆ, ಹೀಗಾಗಿ ಒಂದು ಸರದಿ ಪ್ರೊಸೆಸರಿಗೆ, ಮುಂದಿನದು ಪರದೆಯ ಚಿತ್ರಕ್ಕೆ ದಕ್ಕಿ, ಯಾರೂ ಯಾರಿಗೂ ಕಾಯಬೇಕಿಲ್ಲ. ಇದನ್ನು ರೂಪಿಸಿದವರಲ್ಲಿ ಪ್ರಮುಖರಾದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರೇ ಮುಂದೆ ಆರ್ಮ್ ಪ್ರೊಸೆಸರನ್ನು ವಿನ್ಯಾಸಗೊಳಿಸಿದರು, ಮತ್ತು 1985ರ ಮೊದಲ ಆರ್ಮ್ ಚಿಪ್ಪು ಕೆಲಸ ಮಾಡಿದ್ದು ಒಂದು ಬಿಬಿಸಿ ಮೈಕ್ರೋಗೆ ಜೋಡಿಸಿಕೊಂಡೇ. ನನ್ನ ಜೇಬಿನ ಮೊಬೈಲಿನಲ್ಲಿರುವುದು ಅದೇ ವಂಶದ ಚಿಪ್ಪು.

ಕೀಬೋರ್ಡಿನ ಹನ್ನೊಂದು ಕೀಗಳು ಮೊದಲು ಸ್ಪಂದಿಸಲಿಲ್ಲ. ಒಂದೊಂದಕ್ಕೂ ಆಲ್ಕೋಹಾಲಿನ ಹನಿ ಬಿಟ್ಟು ಐವತ್ತು ಸಲ ಒತ್ತಿದ ಮೇಲೆ ಒಂಬತ್ತು ಸರಿಯಾದವು. ಉಳಿದ ಎರಡಕ್ಕೆ ಸ್ವಿಚ್ಚನ್ನೇ ಬದಲಿಸಬೇಕು. ಸದ್ಯ ಯಂತ್ರವನ್ನು ಸಿಲಿಕಾ ಜೆಲ್ ಹಾಕಿದ ತಗಡಿನ ಪೆಟ್ಟಿಗೆಯಲ್ಲಿಟ್ಟಿದ್ದೇನೆ, ಮಳೆಗಾಲದಲ್ಲಿ ಪ್ರತಿ ಭಾನುವಾರ ಹೊರತೆಗೆದು ಅರ್ಧ ಗಂಟೆ ಓಡಿಸುತ್ತೇನೆ.